ಇಸ್ತ್ರಿ ಅಕ್ಕನ ಸರದಿಯ ದಿನ

ನಮ್ಮ ಮನೆಯ ಕೆಳಗೇ ಇಸ್ತ್ರಿ ಅಂಗಡಿ. ಅದನ್ನು ನಡೆಸುವವಳು ಬೀದಿಗೆಲ್ಲ ಇಸ್ತ್ರಿ ಅಕ್ಕ. ಅವಳ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಗಳು ಕೆಲಸ ನಿಲ್ಲಿಸಿ ವರ್ಷಗಳಾದವು. ಜ್ವರ, ಪೆಟ್ಟು ತಡೆದುಕೊಳ್ಳಲು ಬೇಕಾದ ಹಾರ್ಮೋನು ಅವಳ ಮೈಯಲ್ಲಿ ಹುಟ್ಟುವುದಿಲ್ಲ, ಮಾತ್ರೆಯಿಂದಲೇ ಬರಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತೊಡೆಗೆ ಇಂಜೆಕ್ಷನ್ ಚುಚ್ಚಬೇಕು. ತಡವಾದರೆ ಜೀವಕ್ಕೇ ಸಂಚಕಾರ.

ಇದೇ ಕಾಯಿಲೆಯವರು ಕೂಡಿ ಕಟ್ಟಿಕೊಂಡ ಸಂಘವೊಂದಿದೆ. ದಾನಿಗಳು ಕೊಡಿಸಿದ ಇಂಜೆಕ್ಷನ್ನನ್ನು ಸದಸ್ಯರಿಗೆ ಒಂದೊಂದು ಕೊಟ್ಟು, ಮನೆಯವರಿಗೆ ಚುಚ್ಚುವುದನ್ನು ಕಲಿಸುತ್ತಾರೆ. ಅಕ್ಕನಿಗೆ ಮನೆಯವರೆಂದು ಯಾರೂ ಇಲ್ಲ. ನಾನೇ ಹೋಗಿ ಕಿತ್ತಳೆ ಹಣ್ಣಿಗೆ ಚುಚ್ಚಿ ಕಲಿತು ಬಂದೆ.

"ನನ್ನ ತೊಡೆ ಅಷ್ಟು ಮೆತ್ತಗಿಲ್ಲ ಕಣೇ, ನಿಂತು ನಿಂತು ಹಲಗೆ ಆಗಿದೆ," ಎಂದು ಅಕ್ಕ ನಕ್ಕಿದ್ದಳು.

ಇವತ್ತು ಮಧ್ಯಾಹ್ನ ನನ್ನ ಮಗುವನ್ನೆತ್ತಿಕೊಂಡು ಕೆಳಗಿಳಿದರೆ ಅಕ್ಕ ಮೇಜಿನಡಿಯಲ್ಲಿ ಮುದುಡಿ ಬಿದ್ದಿದ್ದಳು. ಬಕೆಟ್ಟಿನ ತುಂಬ ವಾಂತಿ. ಮೊದಲು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತೆ. ಮಗುವನ್ನು ಬಟ್ಟೆಗಂಟಿನ ಮೇಲೆ ಕೂರಿಸಿ ಇಂಜೆಕ್ಷನ್ ಡಬ್ಬಿ ತೆರೆದೆ. ಖಾಲಿ.

"ಎಲ್ಲಿ ಅಕ್ಕಾ?"

"ಹೊಸ್ದಾಗಿ ಸೇರಿದ ಹುಡುಗೀಗೆ ಕೊಟ್ಬಿಟ್ಟೆ. ಸಂಘದಲ್ಲಿ ಮುಗಿದೋಗಿತ್ತು. ಅವಳಿನ್ನೂ ಚಿಕ್ಕೋಳು."

"ನೀನೇನು ಕಲ್ಲಲ್ಲಿ ಮಾಡಿದೋಳಾ?"

ಅಷ್ಟರಲ್ಲಿ ಅವಳಿಗೆ ಎಚ್ಚರ ತಪ್ಪಿತ್ತು.

ಆಂಬುಲೆನ್ಸಿನವರು ಗಾಡಿ ದೂರದಲ್ಲಿದೆ, ಕಾಯಿರಿ ಎಂದರು. ಸಂಘದ ಸಹಾಯವಾಣಿಗೆ ಫೋನ್ ಮಾಡಿದೆ. ಅದು ರಿಂಗಾಗಿದ್ದು ಅದೇ ಕೋಣೆಯಲ್ಲಿ, ಮಡಚಿಟ್ಟ ಅಂಗಿಗಳಡಿ. ಸಹಾಯವಾಣಿಯೆಂದರೆ ಒಂದೇ ಒಂದು ಮೊಬೈಲು. ಸದಸ್ಯರು ಸರದಿಯಂತೆ ಮನೆಗೊಯ್ದು ಉತ್ತರಿಸುತ್ತಾರೆ. ಇವತ್ತಿನ ಸರದಿ ಅಕ್ಕನದು.

ಆ ಮೊಬೈಲಿನಿಂದಲೇ ಒಬ್ಬೊಬ್ಬ ಸದಸ್ಯರಿಗೂ ಕರೆ ಮಾಡತೊಡಗಿದೆ. ಹೊಸ ಹುಡುಗಿಯ ಫೋನ್ ಸ್ವಿಚ್ ಆಫ್. ಕೆಲವರು ಎತ್ತಲೇ ಇಲ್ಲ. ಹಿಂದಿನ ಬೀದಿಯ ಬೀಗ ರಿಪೇರಿ ಅಣ್ಣ ಮಾತ್ರ "ಬಂದೆ" ಎಂದ. ಬಂದಾಗ ಏದುಸಿರು. ಅವನ ಹತ್ತಿರವೂ ಇದ್ದದ್ದು ಒಂದೇ.

"ಅಣ್ಣಾ, ಆಮೇಲೆ ನಿಮಗೆ?"

"ಮೊದ್ಲು ಚುಚ್ಚಮ್ಮ. ಕ್ಷೇಮಸಮಾಚಾರ ಆಮೇಲೆ."

ಔಷಧದ ಪುಡಿಗೆ ಅದರ ಜೊತೆಗೇ ಬರುವ ನೀರು ಬೆರೆಸಿ ಚುಚ್ಚಿದೆ. ಸೂಜಿ ಇಳಿದರೂ ಅಕ್ಕ ಮಿಸುಕಲಿಲ್ಲ. ಕಿತ್ತಳೆ ಹಣ್ಣೂ ಹೀಗೇ ಸುಮ್ಮನಿತ್ತು.

ಕೊನೆಗೂ ಬಂದ ಆಂಬುಲೆನ್ಸಿನಲ್ಲಿ ಮಗುವನ್ನೂ ಎತ್ತಿಕೊಂಡು ಅಣ್ಣನ ಜೊತೆ ಹೊರಟೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರೆ. ಬೆಳಗಾಗುವವರೆಗೆ ಏನೂ ಹೇಳಲಾಗದೆಂದರು ಡಾಕ್ಟರು. ಅಣ್ಣನಿಗಾಗಿ ಒಂದು ಇಂಜೆಕ್ಷನ್ ಕೇಳಿದೆ. ದಾಖಲಾದ ರೋಗಿಗೆ ಬಿಟ್ಟು ಹೊರಗೆ ಕೊಡುವ ಹಾಗಿಲ್ಲವಂತೆ. ಅಣ್ಣ ಕಾರಿಡಾರಿನ ಬೆಂಚಿನ ಮೇಲೆ ಕಾಲು ಚಾಚಿದ.

"ಮನೆಗೆ ಹೋಗಲ್ವಾ?"

"ಖಾಲಿ ಡಬ್ಬಿ ಇಟ್ಕೊಂಡಾ? ಹೊಸ್ದು ಬರೋವರೆಗೂ ಇಲ್ಲೇ. ಬಿದ್ರೂ ಇಲ್ಲೇ ಬೀಳ್ತೀನಿ, ಎತ್ಕೊಂಡು ಬರೋ ಶ್ರಮ ಇರಲ್ಲ. ಆ ಮೊಬೈಲ್ ಕೊಡು, ಯಾರಾದ್ರೂ ಫೋನ್ ಮಾಡ್ತಾರೆ."

"ಇಂಜೆಕ್ಷನ್ ಸಂಘದಲ್ಲೂ ಇಲ್ಲ, ನಿಮ್ಮ ಹತ್ರಾನೂ ಇಲ್ವಲ್ಲ ಅಣ್ಣಾ. ಏನು ಹೇಳ್ತೀರಿ ಅವರಿಗೆ?"

ಅವನು ಬೆಂಚಿನ ಅಂಚಿಗೆ ಸರಿದ.

"ಆಸ್ಪತ್ರೆಗೇ ಬಂದ್ಬಿಡಿ, ಜಾಗ ಹಿಡಿದಿದ್ದೀನಿ ಅಂತೀನಿ."