ಬಾಯಿ ಕಟ್ಟಿದ ಅಕ್ಷರ

ಗಿಂಕಾಳ ಗಂಟಲು ಮೂರು ಬೇಲಿ ದಾಟುವಂಥದ್ದು. ಶಾಲೆಯಲ್ಲಿ ಮೇಷ್ಟ್ರು, ಸ್ವೆಟರ್ ಕಾರ್ಖಾನೆಯಲ್ಲಿ ಮೇಸ್ತ್ರಿ, ಮನೆಯಲ್ಲಿ ಅತ್ತೆ, ಎಲ್ಲರೂ "ಬಾಯಿ ಸಣ್ಣ ಮಾಡು" ಎಂದವರೇ. ಕಾರ್ಖಾನೆ ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತು, ಬಾಲ್ಕನ್ ಬೆಟ್ಟದ ಬುಡದ ಚೀಸ್ ಸಂಘಕ್ಕೆ ಸೇರಿದಳು. ತಂಪು ಕೋಣೆಗಳ ಕಾವು ನೋಡುವ ಪ್ರೋಗ್ರಾಂ ಅವಳ ಸುಪರ್ದಿ. ಅದು ಎಲ್ಲವನ್ನೂ ಒದರಬೇಕೋ, ಎಚ್ಚರಿಕೆ ಮಾತ್ರ ಹೇಳಬೇಕೋ, ಸುಮ್ಮನಿರಬೇಕೋ ಎಂಬುದನ್ನು ಇಂಗ್ಲಿಷಿನ ಒಂದು ಪದದಲ್ಲಿ ಬರೆದಿಡಬೇಕು. ಗಿಂಕಾ ಬರೆದಿಟ್ಟದ್ದು ‘ವಾರ್ನ್’, ಅಂದರೆ ಎಚ್ಚರಿಸು.

ಹೀಗಿದ್ದೂ ಒಂದು ಭಾನುವಾರ ಕೋಣೆ ಬಿಸಿಯೇರಿ ಚೀಸೆಲ್ಲ ಕೆಟ್ಟಿತು. ಪ್ರೋಗ್ರಾಂ ತುಟಿ ಬಿಚ್ಚಲಿಲ್ಲ.

"ಕಿರಿಕಿರಿ ಅಂತ ನೀನೇ ಅದರ ಬಾಯಿ ಮುಚ್ಚಿಸಿದೀಯ," ಎಂದ ಸಂಘದ ಅಧ್ಯಕ್ಷ ಸ್ತಾಮೆನ್. "ನಾಳೆಯಿಂದ ಬರಬೇಡ."

"ಬಾಯಿ ಮುಚ್ಚಿಸೋಳು ನಾನಾ, ಸ್ತಾಮೆನಣ್ಣ? ನನ್ನ ಬಾಯಿ ಮುಚ್ಚಿಸೋಕೆ ಈ ಊರೇ ಸೋತಿದೆ!"

ಹೋಗಿ ನೋಡಿದಳು. ಪದ ಸರಿಯಾಗಿಯೇ ಇತ್ತು. ಅಳಿಸಿ ಮತ್ತೆ ಬರೆದಳು. ಪ್ರೋಗ್ರಾಂ ಕೂಡಲೇ ಎಚ್ಚರಿಕೆ ಕೂಗತೊಡಗಿತು. ಆಗ ನೆನಪಾಯಿತು. ಮೊದಲ ಸಲ ಮರೆತು ಬಲ್ಗೇರಿಯನ್ ಲಿಪಿಯಲ್ಲೇ ಒತ್ತಿದ್ದಳು. ಬೇರೆಯಾಗಿ ಕಂಡ ಅಕ್ಷರಗಳನ್ನಷ್ಟೇ ತಿದ್ದಿ, ಎರಡೂ ಲಿಪಿಯಲ್ಲಿ ಒಂದೇ ಥರ ಕಾಣುವ ನಡುವಿನ ‘ಎ’ ಅಕ್ಷರವನ್ನು ಹಾಗೇ ಬಿಟ್ಟಿದ್ದಳು. ನಮ್ಮ ಅಂಕಿಯ ಸೊನ್ನೆಯೂ ಅನುಸ್ವಾರದ ಸೊನ್ನೆಯೂ ಕಣ್ಣಿಗೆ ಒಂದೇ ತಾನೆ? ಯಂತ್ರಕ್ಕೆ ಮಾತ್ರ ಬೇರೆ ಬೇರೆ.

ಪ್ರೋಗ್ರಾಂ ಬರೆದ ವೆಸೆಲಿನ್‌ಗೆ ರಾಜಧಾನಿ ಸೋಫಿಯಾಕ್ಕೆ ಫೋನು ಹಚ್ಚಿದಳು. ಸ್ತಾಮೆನ್ ಬಾಗಿಲಲ್ಲೇ ನಿಂತಿದ್ದ.

"ಗೊತ್ತಿಲ್ಲದ ಪದ ಸಿಕ್ಕಿದ್ರೆ ಅದು ಸುಮ್ಮನಿರುತ್ತೆ ಗಿಂಕಕ್ಕ. ಹಾಗೇ ಮಾಡಿರೋದು," ಎಂದ ವೆಸೆಲಿನ್.

"ಅಕ್ಷರ ತಪ್ಪಿದ್ದು ನಾನೇ, ಒಪ್ಪಿದೆ. ತಿಳೀಲಿಲ್ಲ ಅಂತ ಒಂದು ಮಾತು ಹೇಳೋಕೆ ಅದಕ್ಕೇನು ರೋಗ? ಬಾಯ್ತುಂಬ ಬನಿತ್ಸಾ ತುರುಕ್ಕೊಂಡಿತ್ತಾ? ಕಿವುಡಿ ನಮ್ಮತ್ತೆನೂ ‘ಏನಂದೆ?’ ಅಂತ ಕೇಳ್ತಾಳೆ ಕಣಯ್ಯಾ! ತಿಳೀದೆ ಇದ್ದಾಗಲೇ ಜೋರಾಗಿ ಕೂಗಬೇಕು!"

ಆ ಕಡೆ ಉಸಿರಿಲ್ಲ.

"ನೀನೂ ನಿನ್ನ ಪ್ರೋಗ್ರಾಂ ಥರಾನೇ ಆದೆಯಾ?"

"ಇಲ್ಲಕ್ಕ, ಇಲ್ಲ. ಇವತ್ತೇ ತಿದ್ದುತೀನಿ. ಇನ್ನು ತಿಳೀದ ಪದ ಕಂಡ್ರೆ ಕೂಗುತ್ತೆ."

ಗಿಂಕಾ ಫೋನಿಟ್ಟು ತಿರುಗಿದಳು. "ಈಗ ಹೇಳಣ್ಣ. ನಾಳೆ ಬರಲೋ ಬೇಡವೋ?"

ಸ್ತಾಮೆನ್ ತಲೆಯನ್ನು ಅಡ್ಡಡ್ಡ ಆಡಿಸಿದ. ಬಲ್ಗೇರಿಯನ್ನರಲ್ಲಿ ಹಾಗೆ ಆಡಿಸಿದರೆ ‘ಹೌದು’ ಎಂದರ್ಥ.

"ಊಹೂಂ. ಬಾಯಿಬಿಟ್ಟು ಹೇಳು," ಎಂದಳು.

"ಬಾ ಮಾರಾಯ್ತಿ, ಬಾ!"