ಇಸ್ತ್ರಿಗೆ ಅಂಟಿದ ಅಂಗಿ

ಮೊನ್ನೆ ಚಳ್ಳಕೆರೆಯ ನಮ್ಮ ಬಾಡಿಗೆ ಮನೆಯಲ್ಲಿ ಮಗಳ ದುಪಟ್ಟಾ ಇಸ್ತ್ರಿ ಪೆಟ್ಟಿಗೆಗೆ ಹಿಡಿದುಕೊಂಡು ಕರಗಿತು. ಸುಟ್ಟ ನೂಲಿನ ಕಮಟು ವಾಸನೆ ಅಡುಗೆಮನೆಯವರೆಗೂ ಹಬ್ಬಿತು. ತಳದ ಜಿಗುಟು ತೆಗೆಯಲು ಹಳೇ ಪೇಪರಿನ ಮೇಲೆ ಉಪ್ಪು ಹರಡಿಕೊಂಡು ಕೂತೆ, ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ನಾನು ಬೆಳೆದ ದೇವಸಮುದ್ರದ ಮನೆ, ಅದರ ಮಣ್ಣಿನ ಮಾಳಿಗೆ, ಪಡಸಾಲೆಯ ಕಂಬಕ್ಕೊರಗಿ ಕೂರುತ್ತಿದ್ದ ತಿಪ್ಪಮ್ಮತ್ತೆ, ಎಲ್ಲ ಒಮ್ಮೆಗೇ ನೆನಪಾಯಿತು. ಹೋದವರನ್ನು ಹೀಗೆ ಎಳೆದು ತರುವ ವಾಸನೆಯೊಂದು ನಿಮಗೂ ಇದ್ದೀತು.

ತಿಪ್ಪಮ್ಮತ್ತೆ ಅಪ್ಪನ ತಂಗಿ. ಆಕೆಯ ಗಂಡ ಓಬಳೇಶ ಮಾಮ ಲಾರಿ ಓಡಿಸುತ್ತಿದ್ದ. ಮದುವೆಯಾದ ವರ್ಷವೇ ಘಾಟಿಯೊಂದರಲ್ಲಿ ಲಾರಿ ಉರುಳಿ ತೀರಿಕೊಂಡ. ಅತ್ತೆ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ವಾಪಸು ಬಂದಳು. ಅದರಲ್ಲಿ ಮಾಮನ ತಿಳಿನೀಲಿ ಟೆರಿಲೀನ್ ಅಂಗಿಯಿತ್ತು. ತೊಡುವವರಿಲ್ಲದ ಆ ಅಂಗಿಯನ್ನು ಆಗಾಗ ಒಗೆದು, ಅಂಗಳದ ಬಿಸಿಗಾಳಿಗೆ ಒಣಗಿಸಿ, ಕೆಂಡದ ಇಸ್ತ್ರಿ ಪೆಟ್ಟಿಗೆಯಲ್ಲಿ ತೀಡಿ, ಮತ್ತೆ ಟ್ರಂಕಿನಲ್ಲಿಡುತ್ತಿದ್ದಳು. ಒಂದು ಮಧ್ಯಾಹ್ನ, ಒಣಹಾಕಿದ ಶೇಂಗಾಕ್ಕೆ ಕುರಿ ಬಾಯಿ ಹಾಕಿತೆಂದು ಅಜ್ಜಿ ಕೂಗಿದಳು. ಇಸ್ತ್ರಿ ಮಾಡುತ್ತಿದ್ದ ಅತ್ತೆ ಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಎದ್ದು ಓಡಿದಳು. ಮರಳುವಷ್ಟರಲ್ಲಿ ಅಂಗಿಯ ಎದೆಭಾಗ ಕರಗಿ ಪೆಟ್ಟಿಗೆಯ ತಳಕ್ಕೆ ಕಪ್ಪಗೆ ಅಂಟಿಕೊಂಡಿತ್ತು. ಆಕೆ ಅಳಲಿಲ್ಲ. ಪೆಟ್ಟಿಗೆ ತಣ್ಣಗಾಗುವವರೆಗೂ ಅದರ ಮುಂದೆಯೇ ಕೂತಿದ್ದಳು.

“ಕೊಡು ಇಲ್ಲಿ. ಕಾಯಿಸಿ ಉಪ್ಪಾಕಿ ತಿಕ್ಕಿದ್ರೆ ಹೋಗ್ತೈತೆ,” ಎಂದಳು ಅವ್ವ.

“ಬ್ಯಾಡ ಅತ್ತಿಗೆ. ಹಂಗೇ ಇರ್ಲಿ ಬಿಡು.”

ಪೆಟ್ಟಿಗೆ ಗೋಡೆಯ ಗೂಡು ಸೇರಿತು. ನಾವು ಮಕ್ಕಳು ಸುಕ್ಕುಗಟ್ಟಿದ ಬಟ್ಟೆಯಲ್ಲೇ ಶಾಲೆಗೆ ಹೋದೆವು. ಅಪ್ಪ ತನ್ನ ಅಂಗಿಯನ್ನು ಮಡಚಿ ದಿಂಬಿನಡಿ ಇಟ್ಟು ಮಲಗುತ್ತಿದ್ದ. ಮುಂದಿನ ಬೇಸಿಗೆಗೆ ರಾಯದುರ್ಗದ ಕಡೆಯಿಂದ, ಹೆಂಡತಿ ತೀರಿಹೋದವನೊಬ್ಬನ ಸಂಬಂಧ ಬಂತು. ಮರುಮದುವೆ ನಮ್ಮ ಜನರಲ್ಲಿ ಹೊಸದಲ್ಲ. ಅಪ್ಪ ಒಪ್ಪಿದ, ಅಜ್ಜಿ ಒಪ್ಪಿದಳು. ಅತ್ತೆ ಬೇಡವೆನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಹೊರಡುವ ದಿನ ಬೆಳಿಗ್ಗೆ ಆಕೆಯೇ ಪೆಟ್ಟಿಗೆ ಇಳಿಸಿ ಕೆಂಡ ತುಂಬಿ, ಕಾಗದದ ಮೇಲೆ ಉಪ್ಪು ಸುರಿದು ತಿಕ್ಕತೊಡಗಿದಳು. ಅಂಟು ಮೆತ್ತಗಾಗಿ ಚೂರು ಚೂರೇ ಬಿಟ್ಟುಕೊಂಡಿತು, ಉಪ್ಪು ಕಪ್ಪಾಯಿತು, ಆ ವಾಸನೆ ಮನೆಯೆಲ್ಲ ತುಂಬಿತು. ಬಾಗಿಲಲ್ಲಿ ನಿಂತಿದ್ದ ಅವ್ವ, “ನಾನು ಮಾಡ್ತೀನಿ, ನೀನು ಜಳಕ ಮಾಡೋಗು,” ಎಂದಳು.

“ನಾನೇ ತೆಗೀಬೇಕು ಅತ್ತಿಗೆ,” ಎಂದಳು ಅತ್ತೆ.

ತಳ ಹೊಳೆಯುವವರೆಗೂ ಬಿಡಲಿಲ್ಲ. ಆಮೇಲೆ ಹೊಸ ಸೀರೆಗೆ ಇಸ್ತ್ರಿ ಮಾಡಿ, ಉಟ್ಟು, ಅಪ್ಪನ ಹಿಂದೆ ಬಸ್ಸು ಹತ್ತಿದಳು.

ಅಜ್ಜಿ, ಅಪ್ಪ, ಅವ್ವ ಒಬ್ಬೊಬ್ಬರಾಗಿ ಹೋದರು. ಮಾಳಿಗೆ ಕುಸಿದು ಅಲ್ಲೀಗ ಜಾಲಿ ಬೆಳೆದಿದೆ. ಹೋದ ವರ್ಷ ಅತ್ತೆಯೂ ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂಬ ಕಾಲದವಳು ಆಕೆ. ಓಬಳೇಶ ಎಂಬ ಹೆಸರನ್ನು ಆಕೆ ಒಮ್ಮೆಯೂ ಆಡಿದ್ದು ನಾನು ಕೇಳಿಲ್ಲ. ಅಂಥವನೊಬ್ಬನಿದ್ದ ಎಂಬುದೇ ಆಕೆಯ ಮಕ್ಕಳಿಗೆ ತಿಳಿದಿರಲಿಲ್ಲ. ಎಲ್ಲ ಮುಗಿದ ಮೇಲೆ ಅತ್ತೆಯ ಮಗಳು ನನ್ನ ಪಕ್ಕ ಬಂದು ಕೂತಳು.

“ಮದ್ವೆಗೆ ಮುಂಚೆ ಅಮ್ಮ ನಿಮ್ಮನೇಲಿ ಹೆಂಗಿದ್ಲು?”

ಹೇಳಬೇಕೆಂದುಕೊಂಡೆ. ಹೇಳುವ ಹಕ್ಕು ನನ್ನದಲ್ಲ ಅನ್ನಿಸಿತು.

“ಜಾಸ್ತಿ ಮಾತಾಡ್ತಿರಲಿಲ್ಲ. ಕೆಲಸ ಅಚ್ಚುಕಟ್ಟು.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: “ಇಲ್ಲೂ ಹಂಗೇ ಇದ್ಲು.”