ಪಕ್ಷದ ಹಬ್ಬಕ್ಕೊಂದು ಪ್ಲಾನು

ದೊಡ್ಡಬಳ್ಳಾಪುರದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಲೈನ್ ಸೂಪರ್‌ವೈಸರ್. ಅರವತ್ತು ಹೆಂಗಸರು ಸಾಲಾಗಿ ಕೂತು ಅಂಗಿ ಹೊಲಿಯುತ್ತಾರೆ. ನನ್ನ ಕೆಲಸ ಅವರ ಬೆನ್ನ ಹಿಂದೆ ನಿಂತು ಬೈಯುವುದು. ನೇಮಕದ ಆರ್ಡರಿನಲ್ಲಿ ಹಾಗೆ ಬರೆದಿಲ್ಲ, ಆದರೆ ಹದಿನೈದು ವರ್ಷದಿಂದ ಮಾಡಿಕೊಂಡು ಬಂದಿರುವುದು ಅದನ್ನೇ. ಒಂದು ವರ್ಷ ನಮಗೆ ಹೊಸದಾಗಿ ಪ್ಲಾನಿಂಗ್ ಮ್ಯಾನೇಜರ್ ಬಂದರು. ಅದುವರೆಗೆ ನಮ್ಮಲ್ಲಿ ಪ್ಲಾನಿಂಗ್ ಅಂದರೆ ಬೆಳಿಗ್ಗೆ ಗೋಡೆಯ ಬೋರ್ಡಿನ ಮೇಲೆ ಒಂದು ಟಾರ್ಗೆಟ್ ಬರೆದು ಸಂಜೆ ಒರೆಸುವುದು, ಅಷ್ಟೆ. ಇವರು ಬಂದ ಮೇಲೆ ಅದು ಕಂಪ್ಯೂಟರಿನೊಳಗೆ ಹೋಗಿ ಕೂತಿತು.

ಅವರು ಕಂಡುಹಿಡಿದ ಮೊದಲ ಸಂಗತಿ: ಪ್ರತಿವರ್ಷ ಗೌರಿ ಗಣೇಶ ಮುಗಿದ ಮೇಲೆ ಹದಿನೈದು ದಿನ ನಮ್ಮ ಲೈನಿನಲ್ಲಿ ದಿನಾ ಎಂಟು ಹತ್ತು ಜನ ನಾಪತ್ತೆ. ನನ್ನನ್ನು ಕರೆಸಿದರು.

"ಪಿತೃಪಕ್ಷ ಸಾರ್. ಹಿರಿಯರಿಗೆ ಎಡೆ ಇಡ್ತಾರೆ," ಎಂದೆ.

"ಯಾವ ಡೇಟು?"

"ಡೇಟ್ ಇಲ್ಲ ಸಾರ್, ಒಬ್ಬೊಬ್ರ ಮನೇಲಿ ಒಂದೊಂದು ದಿನ. ಎಲ್ರೂ ಒಂದೇ ದಿನ ಮಾಡಿದ್ರೆ ಊಟಕ್ಕೆ ಯಾರು ಬರ್ತಾರೆ?"

ಅವರ ಮುಖ ನೋಡಿ ಪಾಪ ಅನ್ನಿಸಿತು. ಅವರ ಕಂಪ್ಯೂಟರಿನಲ್ಲಿ ಒಂದು ಹಬ್ಬಕ್ಕೆ ಒಂದೇ ಚೌಕ ಇತ್ತು.

ಎರಡು ದಿನ ಯೋಚಿಸಿ ಅವರು ಸತ್ತವರನ್ನೂ ಪ್ಲಾನಿಗೆ ತಂದರು. ಪ್ರತಿಯೊಬ್ಬಳೂ ತನ್ನ ಹಿರಿಯರ ವಿವರ ಕೊಡಬೇಕು. ತಂದೆ ತಾಯಿ ಎ ದರ್ಜೆ, ಇಡೀ ದಿನ ರಜೆ. ಅತ್ತೆ ಮಾವ ಬಿ ದರ್ಜೆ, ಅರ್ಧ ದಿನ. ಅಜ್ಜ, ಮುತ್ತಜ್ಜ ಸಿ ದರ್ಜೆ, ಅವರು ಭಾನುವಾರ ಬರಬೇಕು. ದಿನಕ್ಕೆ ನಾಲ್ಕೇ ಜನ ರಜೆ. ಪಟ್ಟಿ ಬರೆಯುವ ಕೆಲಸ ನನ್ನದು.

ಮದುವೆಯಾದ ಹೆಣ್ಣು ಎಡೆ ಇಡುವುದು ಗಂಡನ ಮನೆಯ ಹಿರಿಯರಿಗೆ. ಅಂದರೆ ಹೆಚ್ಚುಕಮ್ಮಿ ಎಲ್ಲರೂ ಬಿ ದರ್ಜೆ. ಊಟದ ಹೊತ್ತಿಗೆ ಈ ಸುದ್ದಿ ಹರಡಿತು; ಸಂಜೆಯೊಳಗೆ ನಮ್ಮ ಲೈನಿನ ಅತ್ತೆಯರೆಲ್ಲ ತಾಯಂದಿರಾದರು. ಕಾಲರ್ ಹೊಲಿಯುವವಳು ಬರೆಸಿದ ತಾಯಿ ಹಿಂದಿನ ವಾರವಷ್ಟೇ ಗೇಟಿನ ಹತ್ತಿರ ನನಗೆ ಸೀಬೆಹಣ್ಣು ಕೊಟ್ಟು ಹೋಗಿದ್ದರು.

"ಏನೇ, ನಿಮ್ಮಮ್ಮ ಗುಂಡುಕಲ್ಲಿನ ಹಂಗೆ ಗಟ್ಟಿಯಾಗಿದ್ದಾರಲ್ಲ?"

"ಅರ್ಧ ದಿನದಲ್ಲಿ ಕೋಳಿ ಕುಯ್ಯೋಕೂ ಆಗಲ್ಲ ಅಕ್ಕ. ಬರ್ಕೊಳ್ಳಿ, ಅಮ್ಮಂಗೆ ಹೇಳೇ ಬಂದಿದ್ದೀನಿ."

ಬರೆದುಕೊಂಡೆ.

ನನ್ನದೂ ಒಂದಿತ್ತು. ನಮ್ಮತ್ತೆ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಪಕ್ಷ ಅದು. ನಾನು ಇಲ್ಲಿ ಊರಿನವರನ್ನೆಲ್ಲ ಬೈಯುತ್ತಿದ್ದಾಗ ಅಲ್ಲಿ ನನ್ನ ಇಬ್ಬರು ಮಕ್ಕಳನ್ನು ಸಾಕಿದವರು ಅವರು. ಮನೆಯಲ್ಲಿ ಗುರುವಾರ ಎಂದು ಗೊತ್ತುಮಾಡಿದ್ದರು. ಆ ದಿನ ನಾನೇ ಅಡುಗೆ ಮಾಡಿ, ನಾನೇ ಎಡೆಗೆ ಬಡಿಸಬೇಕು ಎನ್ನುವುದು ಬಿಟ್ಟು ಆ ವರ್ಷ ನನಗೆ ಬೇರೆ ಆಸೆಯೇ ಇರಲಿಲ್ಲ. ಮ್ಯಾನೇಜರ್ ಪಟ್ಟಿ ನೋಡುತ್ತ ಬಂದು ನನ್ನ ಹೆಸರಿನ ಮೇಲೆ ಪೆನ್ನು ಇಟ್ಟರು.

"ಗುರುವಾರ ಹೊಸ ಸ್ಟೈಲ್ ಅಂಗಿ ಶುರು ಮೇಡಂ. ನೀವು ಹೋಗೋ ಹಾಗಿಲ್ಲ. ನೀವು ಕ್ರಿಟಿಕಲ್."

ನಮ್ಮ ಕಡೆ ಕ್ರಿಟಿಕಲ್ ಎನ್ನುವುದು ಆಸ್ಪತ್ರೆಯವರು ಹೇಳುವ ಮಾತು. ಕೇಳಿದ ತಕ್ಷಣ ನೆಂಟರಿಗೆಲ್ಲ ಫೋನ್ ಹೋಗುತ್ತದೆ. ನಾನಿಲ್ಲದೆ ಲೈನ್ ಓಡುವುದಿಲ್ಲ ಎಂದು ಅದರ ಅರ್ಥ, ಎಂದು ಅವರು ಬಿಡಿಸಿ ಹೇಳಿದರು. ಹದಿನೈದು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಉಬ್ಬಿಹೋದೆ. ನನ್ನ ಹೆಸರನ್ನು ನಾನೇ ಹೊಡೆದುಹಾಕಿ ಸಹಿ ಮಾಡಿದೆ.

ಗುರುವಾರ ಪ್ಲಾನಿನಂತೆ ನಾಲ್ಕು ಜನ ರಜೆ, ಐವತ್ತಾರು ಜನ ಹಾಜರು. ಮ್ಯಾನೇಜರ್ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಬಟ್ಟೆ ಬಂದಿತ್ತು, ದಾರ ಬಂದಿರಲಿಲ್ಲ. ಹೊಸ ಅಂಗಿಗೆ ತಿಳಿಹಸಿರು ದಾರ ಬೇಕು. ಬಣ್ಣ ಹಾಕಿ ಕಳಿಸುವವರು ಬೆಂಗಳೂರಿನವರು. ಮ್ಯಾನೇಜರ್ ಫೋನ್ ಮಾಡಿದರೆ ಅಲ್ಲಿಯ ವಾಚ್‌ಮನ್ ಎತ್ತಿದ.

"ಇವತ್ತು ಓನರ್ ಮನೇಲಿ ಪಕ್ಷ ಸಾರ್. ಎಲ್ಲಾ ಊಟಕ್ಕೆ ಹೋಗವ್ರೆ."

ಆ ಓನರ್‌ನ ಹಿರಿಯರು ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

"ಹಂಗಾದ್ರೆ ನಾನು ಮನೆಗೆ ಹೋಗ್ತೀನಿ ಸಾರ್," ಎಂದೆ.

"ದಾರ ಯಾವಾಗ ಬೇಕಾದ್ರೂ ಬರಬಹುದು ಮೇಡಂ. ಪ್ಲಾನ್ ಪ್ರಕಾರ ನೀವು ಇರಲೇಬೇಕು."

ಗೇಟ್ ಪಾಸಿಗೆ ಅವರದೇ ಸಹಿ ಬೇಕು. ಐವತ್ತಾರು ಹೆಂಗಸರು ನಿಂತ ಮಿಷನ್‌ಗಳ ಮುಂದೆ ಕೂತು, ಯಾರ ಮನೆಯಲ್ಲಿ ಕುರಿ, ಯಾರ ಮನೆಯಲ್ಲಿ ಕೋಳಿ ಎಂದು ಮಾತಾಡಿಕೊಂಡರು. ನನಗೆ ಬೈಯಲೂ ಕೆಲಸವಿರಲಿಲ್ಲ. ಸಂಜೆಯ ವರದಿಯಲ್ಲಿ ಹಾಜರಾತಿ ಪ್ಲಾನಿನಂತೆ ನೂರಕ್ಕೆ ನೂರು ಎಂದು ಹಸಿರು ಬಣ್ಣ ಬಿತ್ತು. ಹೊಲಿದ ಅಂಗಿಗಳಿಗೆ ಬೇರೆ ಹಾಳೆ ಇತ್ತಂತೆ.

ಮನೆ ಸೇರಿದಾಗ ನೆಂಟರೆಲ್ಲ ಉಂಡು ಹೋಗಿದ್ದರು. ಎಡೆಯ ಎಲೆಯನ್ನೂ ತೆಗೆದಾಗಿತ್ತು. ಕಾಲು ತೊಳೆದು ಬಂದು, ಏನೇನು ಇಟ್ಟಿರಿ ಎಂದು ಗಂಡನನ್ನು ಕೇಳಿದೆ. ಮುದ್ದೆ, ಕೋಳಿ ಸಾರು, ಕಜ್ಜಾಯ, ವಡೆ, ಹೊಸ ಸೀರೆ ಎಂದು ಅವರು ಬೆರಳು ಮಡಿಸಿದರು.

"ಹೊಗೆಸೊಪ್ಪು?"

ಅವರು ಪಕ್ಕದಲ್ಲಿ ಕೂತಿದ್ದ ನನ್ನ ಮೈದುನನ ಮುಖ ನೋಡಿದರು. ಮೈದುನ ಗೋಡೆ ನೋಡಿದ. ನಮ್ಮತ್ತೆ ಊಟ ಬಿಟ್ಟರೂ ಹೊಗೆಸೊಪ್ಪು ಬಿಟ್ಟವರಲ್ಲ. ಸಾಯುವ ಹಿಂದಿನ ದಿನವೂ ನನ್ನ ಕೈಯಿಂದ ಒಂದು ಚೂರು ಈಸಿಕೊಂಡು ದವಡೆಯಲ್ಲಿ ಇಟ್ಟುಕೊಂಡಿದ್ದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು.

"ಹೆತ್ತ ತಾಯಿಗೆ ಏನಿಷ್ಟ ಅಂತ ಅಷ್ಟೂ ಜನದಲ್ಲಿ ಒಬ್ರಿಗೂ ನೆನಪಾಗ್ಲಿಲ್ವಾ?"

"ಗಡಿಬಿಡೀಲಿ ಮರ್ತೋಯ್ತು ಕಣೆ," ಎಂದರು ಗಂಡ. "ನೀನೊಂದು ಪಟ್ಟಿ ಬರೆದಿಟ್ಟು ಹೋಗಿದ್ರೆ ಆಗಿರೋದು."

ಅರವತ್ತು ಮನೆಯ ಹಿರಿಯರಿಗೆ, ಬದುಕಿದ್ದವರನ್ನೂ ಸೇರಿಸಿ, ಪಟ್ಟಿ ಬರೆದುಕೊಟ್ಟವಳು ನಾನು. ನಮ್ಮತ್ತೆಗೆ ಒಂದು ಚೀಟಿ ಬರೆದಿಟ್ಟಿರಲಿಲ್ಲ.